ಹದಿನೆಂಟು ಸುತ್ತು

ಡೆಸ್ ಗ್ಯಾರಿಟಿಯ ನಾಲಿಗೆಗೆ ನನ್ನ ಪೂರ್ತಿ ಹೆಸರು ಹತ್ತುವುದಿಲ್ಲ.
ವಾರಿಜ ಅನ್ನುವುದನ್ನು ಅರ್ಧಕ್ಕೇ ಕತ್ತರಿಸಿ
‘ವಾರೀ’ ಎಂದು ಗೇಟಿನಿಂದಲೇ ಕೂಗುತ್ತಾನೆ.
ಉಳಿದದ್ದು ಬರೀ ನೀರು ಎಂದು ಅವನಿಗೆ ಹೇಳಿಲ್ಲ.

ಎಕ್ಸ್‌ಮೌತಿನ ಈ ತಗಡಿನ ಮನೆಯಲ್ಲಿ
ಹಗಲೆಲ್ಲ ಮೋಟೆಲಿನ ಹೊದಿಕೆಗಳಿಗೆ ಇಸ್ತ್ರಿ,
ಹೊತ್ತು ಮುಳುಗಿದ ಮೇಲೆ ಅವನ ದೋಣಿಗೆ ಗಂಟು.
ಒಂದಕ್ಕೆ ಹನ್ನೆರಡು ಡಾಲರ್, ದಾರ ಅವನದೇ.
ಸಮುದ್ರ ನಡುಗಿದರೆ ಅಡ್ಡಿಯಿಲ್ಲ
ಬೆರಳು ನಡುಗಬಾರದು, ಅನ್ನುತ್ತಾನೆ
ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು.

ಲೀಡರಿಗೆ ನೂರೈವತ್ತು ಪೌಂಡಿನ ನೈಲಾನು,
ಮೂಗುತಿಯ ತಿರುಪಿನಷ್ಟು ದಪ್ಪ.
ಉದ್ದ ಎರಡು ಮಾರು.
ಹರಿಹರದ ಸೇತುವೆ ಪಕ್ಕ ನನ್ನ ಸೋದರತ್ತೆ
ಸೇವಂತಿಗೆ ಅಳೆಯುತ್ತಿದ್ದದ್ದೂ ಮಾರಿನಲ್ಲೇ.
ಅವಳ ಮಾರಿಗೆ ಒಂದು ಗೇಣು ಕಡಿಮೆ;
ಗಿರಾಕಿ ಬಸ್ಸಿನ ಕಡೆ ನೋಡುತ್ತಿದ್ದರೆ ಎರಡು ಗೇಣು.
ಮೀನು ಬಸ್ಸಿನ ಕಡೆ ನೋಡುವುದಿಲ್ಲ.

ಹಸಿರು ಬ್ರೇಡನ್ನು ಹಲ್ಲಿಗೂ ಕಾಲ್ಬೆರಳಿಗೂ ಬಿಗಿದು
ನೈಲಾನನ್ನು ಮೇಲೊಮ್ಮೆ, ಕೆಳಗೊಮ್ಮೆ ಹಾಯಿಸುತ್ತೇನೆ.
ನೈಲಾನು ಬಾಗುವುದಿಲ್ಲ, ಅದಕ್ಕೆ ಗಂಟೇ ಬೀಳುವುದಿಲ್ಲ.
ನಾರು ಅದನ್ನು ಸುತ್ತಿ ಸುತ್ತಿ ಕಚ್ಚುತ್ತದೆ,
ಎಳೆದಷ್ಟೂ ಕಚ್ಚುತ್ತದೆ.
ಹೀಗೆ ಬಿಗಿದರೆ ಅತ್ತೆ ಕೈಮೇಲೆ ಹೊಡೆಯುತ್ತಿದ್ದಳು:
ಜಾರಬಾರದು, ತೊಟ್ಟು ಮುರಿಯಲೂಬಾರದು.
ಇಲ್ಲಿ ತೊಟ್ಟಿಲ್ಲ.
ಹೂವಿನ ಸಂಗಡ ನಾರೂ ಸ್ವರ್ಗ ಸೇರಿತಂತೆ;
ಈ ನಾರು ಹೋಗುವುದು ಹವಳದ ಬಂಡೆಯ ಬುಡಕ್ಕೆ,
ಮೂವತ್ತು ಕಿಲೋ ಟ್ರೆವಲಿಯೊಂದು
ಮರದ ಸುಳ್ಳುಮೀನನ್ನು ನಂಬಿ, ತಿಳಿದು, ಸಿಟ್ಟಾಗಿ
ಕೆಳಮುಖ ಓಡುವಾಗ.

ಇಪ್ಪತ್ತೆರಡು ಸುತ್ತು.
ಉಗುಳು ಸವರಿ, ಕೈಗವಸು ತೊಟ್ಟು ಜಗ್ಗಿದರೆ
ಹಸಿರು ಕಪ್ಪಗಾಗುತ್ತದೆ.
ಪಾಕ ಎಳೆ ಬರುವುದಕ್ಕೆ ಒಲೆಯೆದುರು ನಿಂತ ಹಾಗೆ
ಆ ಗಳಿಗೆಗೆ ಕಾಯುತ್ತೇನೆ.
ಆಮೇಲೆ ಮೇಲುಗಂಟು, ಲೈಟರಿನ ಒಂದು ಚುರುಕು,
ನೈಲಾನಿನ ತುದಿ ಸಾಸಿವೆಯಷ್ಟು ಉಬ್ಬುತ್ತದೆ.
ಕಡೆಗೆ ವರಾಂಡದ ಕಂಬಕ್ಕೆ ಕಟ್ಟಿ
ಅರವತ್ತೊಂದು ಕಿಲೋ ನನ್ನನ್ನೇ ಹಿಂದಕ್ಕೆ ಒರಗಿಸುತ್ತೇನೆ.
ಬೀಳದಿದ್ದರೆ ಮಾರಾಟ.

ಮಂಗಳವಾರ ಡೆಸ್ ಗೇಟಿನಿಂದ ಕೂಗಲಿಲ್ಲ.
ಒಳಗೆ ಬಂದು ಮೇಜಿನ ಮೇಲೆ ಇಟ್ಟ:
ಬ್ರೇಡಿನ ತುದಿ, ಅದರಲ್ಲಿ ನನ್ನ ಹೆಣಿಗೆ,
ಹಾವು ಬಿಟ್ಟುಹೋದ ಪೊರೆಯಂತೆ ಖಾಲಿ.
ಜೆರಾಲ್ಡ್‌ಟನ್ನಿನ ಗಾರೆಯವನೊಬ್ಬ ಮೂರು ವರ್ಷ ಕೂಡಿಟ್ಟು ಬಂದಿದ್ದನಂತೆ.
ಮೀನು ಹಿಡಿದು ಹದಿನಾರು ಸೆಕೆಂಡು.
‘ಹವಳ ಕತ್ತರಿಸಿತು ಅಂದೆ ಅವನಿಗೆ.’
ಹವಳ ಕತ್ತರಿಸಿದರೆ ದಾರ ಜುಂಗು ಜುಂಗಾಗುತ್ತದೆ.
ಇದು ನಯವಾಗಿತ್ತು.
ಕನ್ನಡಕ ಹಾಕಿ ಎಣಿಸಿದೆ. ಹದಿನೆಂಟು.

ಯಾವ ಸಂಜೆ ಅಂತ ಗೊತ್ತು.
ತಂತಿಯ ಮೇಲಿನ ದಿಂಬಿನ ಚೀಲವನ್ನು ಎಮು ಎಳೆಯುತ್ತಿತ್ತು.
ಹೆಣಿಗೆಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಹೊರಗೋಡಿದೆ.
ಪಕ್ಕದ ಮನೆಯ ಗ್ಲೆನಿಸ್ ನೈಟಿಯಲ್ಲೇ ಪೊರಕೆ ಹಿಡಿದು ಬಂದಳು.
ಎಮು ಹೆದರಲಿಲ್ಲ, ನಮ್ಮಿಬ್ಬರನ್ನೂ ಸರದಿಯ ಮೇಲೆ ನೋಡಿತು,
ವಧುಪರೀಕ್ಷೆಗೆ ಬಂದ ಹಿರಿಯರಂತೆ.
ಬೇಲಿ ಹಿಡಿದುಕೊಂಡು ನಕ್ಕೆವು.
ಆರು ವರ್ಷದಲ್ಲಿ ಹಾಗೆ ನಕ್ಕಿದ್ದು ಅದೇ ಮೊದಲು.
ವಾಪಸು ಕುಳಿತಾಗ ಕ್ಲಿಪ್ಪು ಕಚ್ಚಿಕೊಂಡೇ ಇತ್ತು,
ಎಣಿಕೆ ಇರಲಿಲ್ಲ.
ಇಪ್ಪತ್ತಾಗಿರಬೇಕು ಎಂದು ಎರಡು ಸೇರಿಸಿದೆ.
ಕಂಬಕ್ಕೆ ಕಟ್ಟಿದ್ದೆನೇ? ನೆನಪಿಲ್ಲ.
ನಗು ಇನ್ನೂ ಹೊಟ್ಟೆಯಲ್ಲಿತ್ತು.

ಹನ್ನೆರಡು ಡಾಲರ್ ಮುಂದಿಟ್ಟೆ. ಮುಟ್ಟಲಿಲ್ಲ.
‘ಎಮುವಿಗೆ ಬಿಲ್ ಕಳಿಸು’ ಅಂದ.

ಎಲ್ಲೋ ನಿಂಗಲೂ ದಂಡೆಯಾಚೆ
ತುಟಿಯಲ್ಲೊಂದು ಸುಳ್ಳುಮೀನು, ಹಿಂದೆ ನನ್ನ ಎರಡು ಮಾರು,
ಎಳೆದುಕೊಂಡು ತಿರುಗುತ್ತಿದೆ.
ಕೊಕ್ಕೆಗೆ ಮುಳ್ಳಿಲ್ಲ, ಎರಡು ದಿನದಲ್ಲಿ ಕಳಚೀತು, ಅನ್ನುತ್ತಾನೆ ಡೆಸ್.
ನಂಬುತ್ತೇನೆ. ಅರ್ಧ.

ಈಗ ಗಟ್ಟಿಯಾಗಿ ಎಣಿಸುತ್ತೇನೆ, ಹಲ್ಲಲ್ಲಿ ದಾರ ಕಚ್ಚಿಕೊಂಡೇ.
ಮೆಟ್ಟಿಲ ಮೇಲೆ ಕುಳಿತ ಡೆಸ್ ನನ್ನ ಹಿಂದೆ ಹಿಂದೆ
ಕನ್ನಡದ ಅಂಕಿಗಳನ್ನು ಎಡವುತ್ತ ಬರುತ್ತಾನೆ.
ಹಡಿನಾರು. ಹಡಿನೇಲು.
ಹದಿನೆಂಟಕ್ಕೆ ಇಬ್ಬರೂ ಬೇಲಿಯ ಕಡೆ ನೋಡುತ್ತೇವೆ.
ಯಾರೂ ಇಲ್ಲ.
ಹತ್ತೊಂಬತ್ತು.