ಒಂದು ದೀರ್ಘದ ಅಂತರ

ಮೇಯೋ ಹಾಲಿನ ಎರಡನೇ ಮಹಡಿ, ತಿರುಗದ ಫ್ಯಾನಿನಡಿ ಬೆಂಚು.
ನಾನು ಫೋನಿನಲ್ಲಿ ಗುಮಾಸ್ತನ ಜೊತೆ ಕೂಗಾಡುತ್ತಿದ್ದರೆ
ಮರ್ಜಿಯಾ ಪಕ್ಕದಲ್ಲಿ ಕೂತು ಬೆರಳು ಮಡಚುತ್ತಾಳೆ:
ವಕೀಲ, ಅರ್ಜಿ, ತಾರೀಖು, ಹಾಜರು.
ಇವೆಲ್ಲ ನಮ್ಮವು, ಅನ್ನುತ್ತಾಳೆ,
ಊರಿನ ಚಿಕ್ಕಪ್ಪನನ್ನು ಶಿವಾಜಿನಗರದ ಬಸ್ಸಿನಲ್ಲಿ ಕಂಡವಳಂತೆ.

ಇರಬಹುದು. ಯಾವಾಗ ಬಂದವೋ, ಯಾವ ಕುದುರೆಯ ಬೆನ್ನೇರಿ,
ಯಾರೂ ವೀಸಾ ಕೇಳಲಿಲ್ಲ.
ನಮ್ಮಜ್ಜಿಯ ಬಾಯಲ್ಲಿ ಅರ್ಜಿ ಅಪ್ಪಟ ಹೊಸಕೋಟೆ.

ಅವಳ ತಮ್ಮ ನೌರೋಜ್‌ಗೆ ಪರಪ್ಪನ ಅಗ್ರಹಾರದಲ್ಲಿ ಇದು ಹದಿನೇಳನೇ ದಿನ.
ಬಿ.ಕಾಂ. ಮುಗಿಯಿತು, ವೀಸಾ ಮುಗಿಯಿತು,
ನಡುವೆ ಅಲ್ಲಿ, ಕಾಬೂಲಿನಲ್ಲಿ, ಸರ್ಕಾರವೂ ಮುಗಿಯಿತು.
ಪಾಸ್‌ಪೋರ್ಟ್ ಹೊಸದು ಮಾಡಿಸಲು ಯಾರ ಬಳಿ ಹೋಗಲಿ,
ಅಪ್ಪನನ್ನು ಒಯ್ದವರ ಬಳಿಯೇ?
ಇದನ್ನು ಅರ್ಜಿಯ ಒಂಬತ್ತನೇ ಪ್ಯಾರಾದಲ್ಲಿ ಬರೆದಿದ್ದೆ.
ಟೈಪಿಸ್ಟ್ ಪ್ರಶ್ನೆಚಿಹ್ನೆ ಕಿತ್ತು ಪೂರ್ಣವಿರಾಮ ಇಟ್ಟಿದ್ದ.

ಜಾಮೀನು ಸಿಕ್ಕಿತು. ಆಮೇಲೆ ಶುರು.
ಶ್ಯೂರಿಟಿ ಬೇಕು, ಶ್ಯೂರಿಟಿಗೆ ಪಹಣಿ ಬೇಕು,
ಜಾಮೀನಿಗೆ ಜಮೀನು ಬೇಕು.
ಒಂದು ದೀರ್ಘದ ಅಂತರ,
ಅದರೊಳಗೆ ನಾಲ್ಕು ದಿನ ಓಡಾಡಿದೆ.
ಕಾಲೇಜಿನ ಮೇಷ್ಟರು ಫೋನ್ ಆಫ್ ಮಾಡಿದರು.
ವಕೀಲರು ತಾವೇ ನಿಲ್ಲುವಂತಿಲ್ಲ.
ನಿಲ್ಲಬಹುದಿದ್ದರೆ ನಿಲ್ಲುತ್ತಿದ್ದೆನೇ? ಗೊತ್ತಿಲ್ಲ,
ಗೊತ್ತಾಗದಂತೆ ಕಾನೂನು ಕಾಪಾಡಿತು.

ಐದನೇ ದಿನ ಮುನಿವೆಂಕಟಮ್ಮ ಬಂದಳು,
ಲಿಂಗರಾಜಪುರದ ಅವರ ಮನೆ ಓನರು,
ಪ್ಲಾಸ್ಟಿಕ್ ಕವರಿನಲ್ಲಿ
ಏರ್‌ಪೋರ್ಟಿಗೆ ಹೋಗಿ ಉಳಿದ ಹನ್ನೆರಡು ಗುಂಟೆ.

"ಆರೋಪಿ ನಿಮಗೆ ಹೇಗೆ ಪರಿಚಯ?"
"ಮೆಟ್ಟಿಲ ಕೆಳಗಿನ ರೂಮು ಸ್ವಾಮಿ. ಮೂರು ತಿಂಗಳ ಬಾಡಿಗೆ ಬಾಕಿ."
"ಓಡಿಹೋದರೆ?"
"ಸಂಪಿನ ಮೋಟಾರು ಬಿಚ್ಚಿಟ್ಟು ಹೋಗವ್ನೆ, ಬಂದು ಜೋಡಿಸ್ಬೇಕು.
ಎಲ್ಲಿಗೆ ಓಡ್ತಾನೆ?"
ಸಾಹೇಬರು ನಗಲಿಲ್ಲ. ಪೆನ್ನಿನ ಕ್ಯಾಪು ತೆಗೆದರು.

ಬಾಂಡಿನ ಮೇಲೆ ಹೆಬ್ಬೆಟ್ಟು. ಉಳಿದ ಮಸಿಯನ್ನು
ಮುನಿವೆಂಕಟಮ್ಮ ತಲೆಗೂದಲಿಗೆ ಒರೆಸಿಕೊಂಡು
ಮರ್ಜಿಯಾಳ ಕಡೆ ನೋಡದೆಯೇ ಇಳಿದು ಹೋದಳು,
ಹಾಲು ಕಾಯಲು ಇಟ್ಟು ಬಂದವಳ ಹಾಗೆ.

ಆದೇಶ ಜೈಲು ಮುಟ್ಟುವಾಗ ಏಳೂಕಾಲು.
ನಾಳೆ, ಅಂದ ಗೇಟಿನವನು.

ಎದುರಿನ ಟೀ ಅಂಗಡಿಯಲ್ಲಿ ಕೂತು
ಕೇಸಿನ ಫೈಲಿನ ಹಿಂದೆ ಎರಡು ಪದ ಬರೆದು ಓದಿ ಹೇಳಿದೆ.
ನಮ್ಮಲ್ಲೂ ಇವೆ, ಅಂದಳು.
ಜಮೀನ್, ನೆಲ. ಜಾಮಿನ್, ಹೊಣೆ ಹೊತ್ತವರು.
ನಿಮ್ಮಲ್ಲಿ ಯಾಕೆ ಎರಡೂ ಒಂದೇ ಥರ ಕೇಳಿಸುತ್ತವೆ?

ಉತ್ತರ ಹೊಳೆಯಲಿಲ್ಲ.
ಪೆನ್ನು ಇಸಿದುಕೊಂಡು ನನ್ನ ಅಕ್ಷರಗಳ ಕೆಳಗೆ
ತಾನೂ ಬರೆದಳು, ಬಲದಿಂದ ಎಡಕ್ಕೆ,
ಮಗು ಇಟ್ಟಿಗೆ ಜೋಡಿಸಿದ ಹಾಗೆ.
ಎರಡು ಸಲವೂ ಜಮೀನು.

ತಿದ್ದಲೆಂದು ಪೆನ್ನು ಕೇಳಿದೆ.
ಅಷ್ಟರಲ್ಲಿ ಟೀ ಬಂತು.