ಕೊಸರು

ಮಾಣಕೂಬಾಯಿ ಕೇಳಿದ್ದು ಒಂದೇ ಮಾತು:
"ನೋಡಿದ್ದಕ್ಕೆ ದುಡ್ಡಾ?
ಕೊಂಡದ್ದಕ್ಕಲ್ಲ?"

ಕಾಳಿ ನದಿಯಲ್ಲಿ, ಕೋಡಿಬಾಗದ ಬದಿಗೆ,
ಸೊಂಟದ ತನಕ ನೀರಲ್ಲಿ ನಿಂತು
ಕಾಲ್ಬೆರಳಲ್ಲೇ ತಿಸ್ರೆ ಹುಡುಕುವವಳು ಅವಳು.
ನಾನು ದಂಡೆಯ ಮೇಲೆ, ಚಪ್ಪಲಿ ಕೈಯಲ್ಲಿ ಹಿಡಿದು,
ತಿಳಿಯುವ ಹಾಗೆ ಹೇಳಲು ಹೆಣಗುತ್ತಿದ್ದೆ:

ಇಂಟರ್ನೆಟ್ಟಿನಲ್ಲಿ ಒಂದು ಪುಟ ಇಟ್ಟಿದ್ದೇನೆ, ಬಾಯಿ.
ದಿನಾ ನೀರು ಇಳಿಯುವ ಹೊತ್ತು ಬರೆಯುತ್ತೇನೆ.
ಪಕ್ಕದಲ್ಲಿ ಯಾರೋ ಜಾಹೀರಾತು ಅಂಟಿಸುತ್ತಾರೆ,
ರಸ್ತೆ ಬದಿಯ ಮನೆಗೋಡೆಗೆ
ಸಿಮೆಂಟಿನವರು ಬಣ್ಣ ಬಳಿದು ಹೋದ ಹಾಗೆ.
ಗೋಡೆ ನೋಡಿದವರ ತಲೆ ಎಣಿಸಿ ನನಗೆ ಕಾಸು.

ಅವಳು ನಕ್ಕಳು. ಒಂದು ಚಿಪ್ಪು ಬುಟ್ಟಿಗೆ ಬಿತ್ತು.
"ಮಾರ್ಕೆಟ್ಟಿನಲ್ಲಿ ನನ್ನ ಪಾಲು ಎತ್ತಿ ನೋಡಿ,
ಮೂಸಿ, ಬೆಲೆ ಕೇಳಿ, ಮುಖ ಸಿಂಡರಿಸಿ ಹೋದವರ
ತಲೆಗೊಂದು ಪೈಸೆ ಸಿಕ್ಕಿದ್ದರೆ
ಸದಾಶಿವಗಡವನ್ನೇ ಕೊಳ್ಳುತ್ತಿದ್ದೆ."

ಮೊದಲ ವರ್ಷ ಬಂದದ್ದು ಮುನ್ನೂರ ಹನ್ನೊಂದು ರೂಪಾಯಿ.
ಬಂದದ್ದು ಎಂದರೆ ಪರದೆಯ ಮೇಲೆ.
ನೂರು ಡಾಲರು ತುಂಬುವ ತನಕ ಕೈಗೆ ಕೊಡುವುದಿಲ್ಲ ಅವರು;
ಹುಂಡಿ ನನ್ನದು, ಬೀಗ ಬೇರೆಯವರ ಹತ್ತಿರ.
ಆಮೇಲೆ ಕಲಿತೆ:
ಚಾಕುವಿನ ಕೊಂಡಿ ಹಾಕು, ಟಾರ್ಚಿನ ಕೊಂಡಿ ಹಾಕು,
ನನ್ನ ಪುಟದಿಂದ ದಾಟಿ ಹೋಗಿ ಕೊಂಡರೆ
ಆರೋ ಏಳೋ ರೂಪಾಯಿ ಕೊಸರು.
ಮಡಗಾಂವಿನ ಯಾರೋ ಟಾರ್ಚು ಕೊಂಡರು, ಹನ್ನೆರಡು.
ಸಮುದ್ರವೆಲ್ಲಿ, ಚಿಕ್ಕೋಡಿಯೆಲ್ಲಿ,
ಅಲ್ಲಿಯವರೊಬ್ಬರು ಗಂಬೂಟು ಕೊಂಡು, ಸಾಲದೆ, ವಾಪಸು ಕಳಿಸಿದರು.
ನನ್ನ ಒಂಬತ್ತು ರೂಪಾಯಿಯೂ ಅದರ ಜೊತೆ ಹೋಯಿತು.
ಕೋರ್ಟಿನೆದುರಿನ ಟೈಪಿಂಗ್ ಅಂಗಡಿಯಲ್ಲಿ
ಬಾಡಿಗೆ ಕರಾರು ಬಡಿಯುತ್ತ ಬಡಿಯುತ್ತ
ಕದ್ದು ನೋಡುತ್ತಿದ್ದೆ ಆ ಅಂಕಿಯನ್ನು,
ಒಲೆಯ ಮೇಲಿನ ಹಾಲು ನೋಡುವ ಹಾಗೆ.

ಉಕ್ಕಿತು.
ಒಂದು ರಾತ್ರಿ ಜಾಗವನ್ನೂ ಬರೆದುಬಿಟ್ಟೆ:
ಎಷ್ಟನೇ ಕಂಬದ ಎದುರು, ಯಾವ ದಿಬ್ಬದ ಎಡಕ್ಕೆ,
ಎಷ್ಟು ಹೆಜ್ಜೆ. ನಾನು ಕಂಡುಹಿಡಿದದ್ದಲ್ಲ,
ಮಾಣಕೂಬಾಯಿಯ ಹಿಂದೆ ಹಿಂದೆ ನಡೆದು ಎಣಿಸಿದ್ದು.
ಒಂಬತ್ತು ಸಾವಿರ ಜನ ನೋಡಿದರು.
ರೆಸಾರ್ಟಿನವನೊಬ್ಬ ಫೋನು ಮಾಡಿ
ತನ್ನ ಹೆಸರಿನ ಒಂದು ಸಾಲಿಗೆ ನಾಲ್ಕು ಸಾವಿರ ಎಂದ; ಸೇರಿಸಿದೆ.
ಬ್ಯಾಂಕಿನ ಮೆಸೇಜು ಎರಡು ಸಲ ಓದಿ
ಪೇಡೆ ತಂದೆ, ಅಂಗಡಿಯ ಶಾಂತಾರಾಮರಿಗೂ ಕೊಟ್ಟೆ.

ಅಮಾವಾಸ್ಯೆಯ ಇಳಿತಕ್ಕೆ ಜೀಪುಗಳು ಬಂದವು.
ಗೋಣಿಚೀಲ, ಕಬ್ಬಿಣದ ಹಲ್ಲಿನ ಕುಂಟೆ, ಹಣೆಗೆ ಕಟ್ಟಿದ ಟಾರ್ಚು
(ಅದರಲ್ಲಿ ಎಷ್ಟರ ಕೊಸರು ನನ್ನದೋ).
ಹೆಸರುಕಾಳಿನಷ್ಟಿದ್ದ ಮರಿಗಳನ್ನೂ ಬಿಡದೆ ಬಾಚಿದರು.
ಮಾಣಕೂಬಾಯಿ ಬೈಯಲಿಲ್ಲ.
"ಯಾರು ಹೇಳಿದರೋ ಇವರಿಗೆ" ಎಂದಳು, ಅಷ್ಟೆ,
ನನ್ನ ಕಡೆ ನೋಡದೆ.

ಆ ಸಾಲುಗಳನ್ನು ಅಳಿಸಿದೆ. ಅಳಿಸಿದರೂ ಅಳಿಯುವುದಿಲ್ಲ:
ಇನ್ನೆಂಟು ಪುಟಗಳಲ್ಲಿ ನನ್ನದೇ ಮಾತು,
ನನ್ನದೇ ಕಾಗುಣಿತದ ತಪ್ಪು, ಬೇರೆಯವರ ಜಾಹೀರಾತು.
ರೆಸಾರ್ಟಿನವನಿಗೆ ನಾಲ್ಕು ಸಾವಿರ ತಿರುಗಿಸಬೇಕು,
ಎರಡು ಕೊಟ್ಟಿದ್ದೇನೆ.

ಈಗ ಹೊತ್ತು ಮಾತ್ರ ಬರೆಯುತ್ತೇನೆ.
ನಾಳೆ ಇಳಿತ, ಬೆಳಗ್ಗೆ ಐದು ನಲವತ್ತು.
ಮಾಣಕೂಬಾಯಿಗೆ ಅದು ಬೇಕಿಲ್ಲ,
ಚಂದ್ರನನ್ನು ನೋಡಿ ಮಲಗುವವಳು.

ಸಂಜೆ ಮಾರ್ಕೆಟ್ಟಿನಲ್ಲಿ ಕೇಳುತ್ತಾಳೆ,
"ಎಷ್ಟು ಜನ ನೋಡಿದರು ಇವತ್ತು?"
"ಹದಿನೇಳು."
"ನನ್ನದನ್ನು ಇಪ್ಪತ್ತು" ಎನ್ನುತ್ತ
ನನ್ನ ಚೀಲಕ್ಕೆ ಪಾಲು ಸುರಿದು, ದುಡ್ಡು ಎಣಿಸಿ ಸೆರಗಿಗೆ ಕಟ್ಟಿ,
ಮೇಲೊಂದು ಹಿಡಿ ಎತ್ತುತ್ತಾಳೆ, ಕೊಸರು.
ಬೇಡ ಎನ್ನಲು ಬಾಯಿ ತೆರೆದವಳು
ಚೀಲ ತೆರೆದು ಹಿಡಿಯುತ್ತೇನೆ.