ಖಾಲಿ ಕ್ರೇಟಿನ ತೂಕ

ಐದೂವರೆಗೆ ಕೋರ್ಟು ಖಾಲಿ. ದಲಾಯತ ನಂಜುಂಡಪ್ಪ
ಫ್ಯಾನು ಆರಿಸಿ, ಬೀಗದ ಗೊಂಚಲು ಅಲ್ಲಾಡಿಸುತ್ತ
ಬಾಗಿಲಲ್ಲಿ ನಿಂತಿದ್ದಾನೆ. ಚೇಂಬರಿನಲ್ಲಿ
ಸಾಹೇಬರು, ನಾನು, ನನ್ನ ಶೀಘ್ರಲಿಪಿಯ ಪುಸ್ತಕ.
ಹೆಂಗಸಾದರೂ ಸಾಹೇಬರೇ ನಮಗೆ;
ಕೋಲಾರದ ಕೋರ್ಟಿನಲ್ಲಿ ಕುರ್ಚಿಗಷ್ಟೇ ಲಿಂಗ.

ಬರೆದುಕೊಳ್ಳಿ, ಅಂದರು.

ಆರೋಪಿ ಬೈರಾರೆಡ್ಡಿಯ ವಕೀಲರು
ಕೇಸು ಬೇರೆ ಪೀಠಕ್ಕೆ ಕೊಡಿ ಎಂದು ಅರ್ಜಿ ಹಾಕಿದ್ದಾರೆ.
ನಾಲ್ಕನೇ ಪ್ಯಾರಾ: ಸತ್ತವನ ಹೆಂಡತಿ ಸಾಕ್ಷಿ ನುಡಿಯುವಾಗ
‘ಕೂತ್ಕೊಳಮ್ಮ’ ಅಂದರು, ನೀರು ಕೊಡಿಸಿದರು.
ಆದಕಾರಣ ಇಲ್ಲಿ ನ್ಯಾಯ ಸಿಗುವ ನಂಬಿಕೆ
ನನ್ನ ಕಕ್ಷಿದಾರನಿಗೆ ಇರುವುದಿಲ್ಲ.

ನೀರು ಕೊಡಿಸಿದ್ದು ನಿಜ. ಸ್ಟೀಲ್ ಲೋಟ, ತಂದವನು ನಂಜುಂಡಪ್ಪ.
ಮಂಡಿಯ ಹಿಂದೆ, ಹರಾಜು ಕೂಗುವ ಹೊತ್ತಿಗೆ,
ಹನ್ನೊಂದು ಕ್ರೇಟ್ ಟೊಮೆಟೊದ ಬಾಕಿಗಾಗಿ
ಚಲಪತಿ ಬಿದ್ದ ಜಾಗ ಹೇಳುವಾಗ
ಅಮರಾವತಮ್ಮನ ದನಿ ನಿಂತುಹೋಗಿತ್ತು.
ಕುಡಿದಳು. ಮತ್ತೆ ಹೇಳಿದಳು.
ಅದಷ್ಟೂ ಈ ಕೈಯೇ ಬರೆದದ್ದು, ನೀರೊಂದು ಬಿಟ್ಟು.
ನೀರಿಗೆ ಕಾಲಂ ಇಲ್ಲ.

ಒಂದು ಪುಟ ಹೇಳಿದರು ಸಾಹೇಬರು, ಎಲ್ಲೂ ತಡೆಯದೆ.
ಆಪಾದನೆ ನಿರಾಧಾರ. ಬಾಯಾರಿದವಳಿಗೆ ನೀರು ಪಕ್ಷಪಾತವಲ್ಲ.
ಕೇಳಿದಾಗಲೆಲ್ಲ ಎದ್ದು ಹೋದರೆ
ಕಕ್ಷಿದಾರರು ಪೀಠ ಆರಿಸಿ ಚೌಕಾಸಿ ಮಾಡುವ ಸಂತೆಯಾದೀತು.
ಪೆನ್ಸಿಲು ಓಡಿತು. ಚೆನ್ನಾಗಿತ್ತು ಟಿಪ್ಪಣಿ,
ಮೇಲಿನವರು ತಲೆದೂಗುವಂಥದ್ದು.

ಆಮೇಲೆ ಸುಮ್ಮನಾದರು.
ಕಿಟಕಿಯಾಚೆ ಅಂತರಗಂಗೆಯ ಬಂಡೆಗಳು
ದಿನವಿಡೀ ಹೀರಿದ ಬಿಸಿಲನ್ನು ವಾಪಸು ಕೊಡುತ್ತಿದ್ದವು.

‘ಆ ಹುಡುಗ ಕಟಕಟೆಯಲ್ಲಿ ನಿಲ್ಲುವುದು ನೋಡಿದ್ದೀರಾ?
ಎಡ ಮೊಣಕೈಯನ್ನು ಬಲಗೈಯಲ್ಲಿ ಹಿಡಿದು,
ಒಂದೇ ಕಾಲಿಗೆ ಭಾರ ಕೊಟ್ಟು.
ನನ್ನ ತಮ್ಮ ಹಾಗೇ ನಿಲ್ಲುತ್ತಿದ್ದ.
ಇಪ್ಪತ್ತೆರಡಕ್ಕೆ ಹೋದ, ಠಾಣೆಯಿಂದ ಮನೆಗೆ ಬಂದ ಮಾರನೇ ಬೆಳಗ್ಗೆ.
ಎಂಟು ತಿಂಗಳಿಂದ ಪ್ರತಿ ಸಾಕ್ಷಿಯ ಮಾತಿನಲ್ಲೂ
ಸಂದು ಹುಡುಕುತ್ತಿದ್ದೇನೆ ನಾನು,
ಇವನು ನುಸುಳುವಷ್ಟು ಸಂದು.
ವಾಲಿದ್ದೇನೆ ಅಂತಾರಲ್ಲ, ಸರಿಯೇ.
ಯಾವ ಕಡೆಗೆ ಅನ್ನುವುದು ಮಾತ್ರ ತಪ್ಪು.
ಇದನ್ನು ಟೈಪ್ ಮಾಡಬೇಡಿ.’

ಬೇಡಿ ಅನ್ನುವಷ್ಟರಲ್ಲಿ ಕೈ ಬರೆದಾಗಿತ್ತು.

ನನ್ನಪ್ಪ ಮಂಡಿಯಲ್ಲಿ ತೂಕದಾಳು.
ಖಾಲಿ ಕ್ರೇಟು ಮೊದಲು ತೂಗುತ್ತಿದ್ದ, ದಿನಾ.
ಅದೇ ಕ್ರೇಟಲ್ಲವಾ ಅಂದರೆ,
‘ಮಣ್ಣು ಮೆತ್ತಿರ್ತದೆ ಕಣೋ, ಕಾಣಲ್ಲ’ ಅನ್ನುವನು.
ನಮ್ಮ ಸೋದರಮಾವನ ಲೋಡು ಬಂದರೆ ಮಾತ್ರ
‘ಷಫೀವುಲ್ಲಾ, ಬಾರಯ್ಯಾ, ಇದು ನಿಂದು’ ಎಂದು
ಬೀಡಿ ಹಚ್ಚಲು ಆಚೆ ಹೋಗುವನು.
ಮಾವ ಮನೆಗೆ ಬರುವುದನ್ನೇ ಬಿಟ್ಟ.
ಯಾರು ತೂಗಿದರೂ ಅಷ್ಟೇ ಬರ್ತಿತ್ತಲ್ಲ ಎಂದು
ಅಮ್ಮ ಇವತ್ತಿಗೂ ಗೊಣಗುತ್ತಾಳೆ.

ಕೊನೆಗೆ ಟೈಪಾದದ್ದು ಮೂರು ಸಾಲು:
ಅರ್ಜಿಯ ಆಪಾದನೆಗಳನ್ನು ಒಪ್ಪುವುದಿಲ್ಲ.
ಆದರೂ ಅನ್ಯ ಕಾರಣದಿಂದ ಈ ಪ್ರಕರಣವನ್ನು
ನಾನು ವಿಚಾರಿಸುವುದು ಉಚಿತವಲ್ಲ.

ಹೆದರಿಕೊಂಡರು ಅಂದರು ವಕೀಲರ ಕೋಣೆಯಲ್ಲಿ.
ದುಡ್ಡು ಆಡಿದೆ ಅಂದ ಒಬ್ಬ, ಬನ್ನನ್ನು ಟೀಗೆ ಅದ್ದುತ್ತ.
ಬೈರಾರೆಡ್ಡಿಯ ಕಡೆಯವರು ಗೇಟಿನ ಹೊರಗೆ ಪೇಡ ಹಂಚಿದರು;
ತಮ್ಮವನಿಗಾಗಿ ಸಂದು ಹುಡುಕುತ್ತಿದ್ದ ಒಂದು ಜೊತೆ ಕಣ್ಣು
ಅವರ ಮುಂದೆಯೇ ಕಾರು ಹತ್ತಿ ಹೋಯಿತು.

ಅಮರಾವತಮ್ಮ ನನ್ನ ಮೇಜಿಗೆ ಬಂದಳು.
‘ಎಲ್ಲಾ ಮೊದಲಿಂದ ಯೋಳ್ಬೇಕಾ?’
ಬರೆದದ್ದು ಇದೆಯಮ್ಮ, ಹೊಸಬರು ಓದುತ್ತಾರೆ, ಅಂದೆ.
‘ಓದಿದ್ರೆ ಆಯ್ತದಾ? ನನ್ನ ಮಕ ಕಂಡವ್ರಾ ಅವರು?
ನೀರು ಕೊಟ್ಟಿದ್ದು ಬರ್ದಿದೀಯಾ ಅದರಾಗೆ?’

ಮುಂದಿನ ತಾರೀಕಿನ ಚೀಟಿ ಕೊಟ್ಟೆ.
ಹದಿನೇಳು, ಗುರುವಾರ.
ಹೊಸ ಕೋರ್ಟು ಮೂರನೇ ಮಹಡಿಯಲ್ಲಿ,
ಲಿಫ್ಟು ಕೆಟ್ಟಿದೆ, ಸ್ವಲ್ಪ ಬೇಗನೆ ಬಾಮ್ಮ, ಅಂದೆ.